ಹೇಳಿಕೊಳ್ಳಲಾಗದ ನೋವು: ಡಾ. ಆನಂದಿಬಾಯಿ ಜೋಶಿಯವರ ಬದುಕು



ನಿಮ್ಮ ಮನಸ್ಸಿಗೆ ಹತ್ತಿರವಾದ ಒಬ್ಬ ಮಹಿಳೆಯ ಬಗ್ಗೆ ಈ ಸಲದ ಇ-ಸಂಚಿಕೆಗೆ ಬರೆದುಕೊಡಿ ಎಂದು ನಮ್ಮ ಮಹಿಳಾ ವೇದಿಕೆಯವರು ಕೇಳಿದಾಗ ನಾನು ಬಹಳ ಯೋಚಿಸಬೇಕಾಗಲಿಲ್ಲ. ಡಾ. ಆನಂದಿಬಾಯಿ ಜೋಶಿಯವರ ಹೆಸರು ತಾನಾಗಿಯೇ ಬಂತು. ಅವರ ಹೆಸರನ್ನು ನಿಮ್ಮಲ್ಲಿ ಹೆಚ್ಚಿನವರು ಕೇಳಿರುತ್ತೀರಿ. ಪಾಶ್ಚಾತ್ಯ ವೈದ್ಯ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯರಲ್ಲಿ ಒಬ್ಬರು ಎಂದು ಶಾಲೆಯ ಪುಸ್ತಕದಲ್ಲಿ ನಾನೂ ಓದಿದ್ದೆ. ಆದರೆ ಅವರು ನನಗೆ ನಿಜವಾಗಿ ಪರಿಚಯವಾದದ್ದು ಪರೀಕ್ಷೆಗೆ ಓದುವಾಗಲ್ಲ, ಆಸ್ಪತ್ರೆಯ ಬೆಂಚಿನ ಮೇಲೆ ಸರದಿಗಾಗಿ ಕಾಯುತ್ತಾ ಕುಳಿತಾಗ. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ.

ನಾನಿರುವುದು ಲಾಸಲಗಾಂವ್‌ನಲ್ಲಿ. ನಾಸಿಕ್ ಜಿಲ್ಲೆಯ ನಿಫಾಡ್ ತಾಲ್ಲೂಕಿನ ಈ ಊರನ್ನು ನೀವು ನೋಡಿರದಿದ್ದರೂ ಇಲ್ಲಿಯ ಈರುಳ್ಳಿಯನ್ನಂತೂ ಎಂದಾದರೂ ತಿಂದಿರುತ್ತೀರಿ. ಟಿ.ವಿ.ಯಲ್ಲಿ ಈರುಳ್ಳಿ ಬೆಲೆ ಏರಿತು, ಇಳಿಯಿತು ಎಂಬ ಸುದ್ದಿ ಬಂದಾಗಲೆಲ್ಲ ನಮ್ಮೂರ ಮಾರುಕಟ್ಟೆಯ ಟ್ರ್ಯಾಕ್ಟರ್ ಸಾಲನ್ನೇ ತೋರಿಸುತ್ತಾರೆ. ಗದಗಿನ ಕಡೆಯವರಾದ ನಮ್ಮ ಮಾವನವರು ಉಳ್ಳಾಗಡ್ಡಿ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತರು. ಅವರ ಹಿಂದೆ ಬಂದ ನಮ್ಮ ಅತ್ತೆಯವರು ಮೂವತ್ತು ವರ್ಷ ಇಲ್ಲಿದ್ದರೂ ಸಂತೆಗೆ ಸಾಕಾಗುವಷ್ಟು ಮರಾಠಿ ಮಾತ್ರ ಕಲಿತಿದ್ದರು. ತರಕಾರಿಯ ಮರಾಠಿ ಬರುತ್ತಿತ್ತು, ಮೈಯ ನೋವಿನ ಮರಾಠಿ ಬರುತ್ತಿರಲಿಲ್ಲ.

ಮುಟ್ಟು ನಿಂತು ಎಷ್ಟೋ ವರ್ಷವಾದ ಮೇಲೆ ಅತ್ತೆಯವರಿಗೆ ಮತ್ತೆ ರಕ್ತ ಕಾಣಿಸಿಕೊಳ್ಳತೊಡಗಿತ್ತು. ಎಂಟು ತಿಂಗಳು ಅವರು ಯಾರಿಗೂ ಹೇಳಲಿಲ್ಲ. ಮಗನಿಗೆ ಹೇಳುವಂಥದ್ದಲ್ಲ, ಸೊಸೆಗೆ ಹೇಳಿದರೆ ಮಗನಿಗೆ ಗೊತ್ತಾಗುತ್ತದೆ. ಹಳೆಯ ಸೀರೆ ಹರಿದು ತಾವೇ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದರು. ನಾನು ಅದನ್ನು ನೋಡಿದೆ, ಕೇಳಲಿಲ್ಲ. ಕೊನೆಗೆ ಒಂದು ದಿನ ಅಡುಗೆಮನೆಯಲ್ಲಿ ತಲೆತಿರುಗಿ ಕುಸಿದಾಗ ಆಸ್ಪತ್ರೆಗೆ ಹೋದೆವು. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಗರ್ಭಕೋಶದ ಬಾಯಿಯ ಕ್ಯಾನ್ಸರ್, ಬಹಳ ಮುಂದುವರಿದಿದೆ ಎಂದು ಗೊತ್ತಾಯಿತು.

ವೈದ್ಯರು ಮರಾಠಿಯಲ್ಲಿ ಕೇಳುತ್ತಿದ್ದರು, ನಾನು ಕನ್ನಡ ಮಾಡಿ ಅತ್ತೆಗೆ ಹೇಳುತ್ತಿದ್ದೆ. ರಕ್ತ ಎಂದಿನಿಂದ ಹೋಗುತ್ತಿದೆ ಎಂಬ ಪ್ರಶ್ನೆ ಬಂದಾಗ ಅತ್ತೆ ಮಗನ ಮುಖ ನೋಡಿ ತಲೆ ತಗ್ಗಿಸಿದರು. ಎರಡು ವಾರದಿಂದ ಎಂದರು. ಆಮೇಲೆ ವೈದ್ಯರು ಅತ್ತೆಯನ್ನು ಬಿಟ್ಟು ನನ್ನ ಯಜಮಾನರ ಜೊತೆ ಮಾತಾಡತೊಡಗಿದರು. ನಮ್ಮ ಮನೆಯ ಹಿರಿಯರು ಅವಳಿಗೆ ಏನೂ ಹೇಳಬೇಡಿ, ಎದೆಯೊಡೆದುಕೊಳ್ಳುತ್ತಾಳೆ ಎಂದರು. ಅತ್ತೆ ನನ್ನ ಕಡೆ ನೋಡಿದಾಗ ನಾನು ಒಳಗೆ ಹುಣ್ಣಾಗಿದೆ, ಔಷಧಿಗೆ ಗುಣವಾಗುತ್ತದೆ ಎಂದು ಕನ್ನಡದಲ್ಲಿ ಹೇಳಿದೆ. ವೈದ್ಯರಿಗೆ ಕನ್ನಡ ಬರುತ್ತಿರಲಿಲ್ಲ. ನಾನು ಏನು ಹೇಳಿದೆ ಎಂಬುದು ಆ ಕೋಣೆಯಲ್ಲಿ ನಮ್ಮವರಿಗೆ ಮಾತ್ರ ಗೊತ್ತಾಯಿತು.

ಆ ದಿನಗಳಲ್ಲೇ ಪಕ್ಕದ ಮನೆಯ ನಿವೃತ್ತ ಮರಾಠಿ ಶಿಕ್ಷಕಿಯೊಬ್ಬರು, ಕಾಯುವಾಗ ಓದಿಕೊಳ್ಳಿ ಎಂದು ಆನಂದಿಬಾಯಿಯವರ ಜೀವನಚರಿತ್ರೆಯನ್ನು ಕೈಗಿಟ್ಟರು. ಇನ್ನು ಮುಂದೆ ಅವರ ಕಥೆ.

ಕಲ್ಯಾಣದ ಯಮುನಾ

ಆನಂದಿಬಾಯಿ ಹುಟ್ಟಿದ್ದು 1865ರ ಮಾರ್ಚ್ 31ರಂದು. ಮುಂಬಯಿ ಹತ್ತಿರದ ಕಲ್ಯಾಣದ ಜೋಶಿ ಮನೆತನ. ಒಂದು ಕಾಲಕ್ಕೆ ಜಮೀನಿದ್ದು ಆಮೇಲೆ ಕೈ ಸೋತ ಮನೆ. ತವರಿನಲ್ಲಿಟ್ಟ ಹೆಸರು ಯಮುನಾ. ಒಂಬತ್ತನೆಯ ವಯಸ್ಸಿಗೆ ಮದುವೆಯಾಯಿತು. ಗಂಡ ಗೋಪಾಳರಾವ್ ಜೋಶಿ ಅಂಚೆ ಕಚೇರಿಯ ಗುಮಾಸ್ತರು, ಹೆಂಡತಿ ತೀರಿಕೊಂಡವರು, ಆಕೆಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವರು. ಅವರ ಮೂಲ ಊರು ಸಂಗಮನೇರ. ಅದು ನಮ್ಮ ಲಾಸಲಗಾಂವ್‌ಗೆ ದೂರವೇನಲ್ಲ. ನಾಸಿಕ್‌ನಿಂದ ಪುಣೆಗೆ ಹೋಗುವ ದಾರಿಯಲ್ಲೇ ಸಿಗುತ್ತದೆ. ಈಗ ಆ ಊರು ದಾಟುವಾಗಲೆಲ್ಲ ನನಗೆ ಆ ಒಂಬತ್ತು ವರ್ಷದ ಹುಡುಗಿಯ ನೆನಪಾಗುತ್ತದೆ. ಮದುವೆಯಾದ ಮೇಲೆ ಗಂಡ ಇಟ್ಟ ಹೆಸರು ಆನಂದಿ.

ಗೋಪಾಳರಾವ್ ವಿಚಿತ್ರ ಮನುಷ್ಯ. ಹೆಂಡತಿ ಓದಲೇಬೇಕು ಎಂಬ ಹಟ ಅವರದು. ಆ ಕಾಲದಲ್ಲಿ ಹೆಂಡತಿ ಓದಿದಳೆಂದು ಹೊಡೆಯುವ ಗಂಡಸರಿದ್ದರು. ಇವರು ಓದಲಿಲ್ಲವೆಂದು ಹೊಡೆಯುವವರು. ಹತ್ತನೆಯ ವಯಸ್ಸಿನಲ್ಲಿ ಕಟ್ಟಿಗೆಯ ತುಂಡಿನಿಂದ ಹೊಡೆದದ್ದು, ಹನ್ನೆರಡರಲ್ಲಿ ಕುರ್ಚಿ, ಪುಸ್ತಕ ಎಸೆದದ್ದು, ಹದಿನಾಲ್ಕರಲ್ಲಿ ಬಿಟ್ಟುಹೋಗುತ್ತೇನೆಂದು ಹೆದರಿಸಿದ್ದು, ಇವನ್ನೆಲ್ಲ ಆನಂದಿಬಾಯಿ ಮುಂದೆ ಅಮೆರಿಕದಿಂದ ಗಂಡನಿಗೇ ಬರೆದ ಪತ್ರದಲ್ಲಿ ನೆನಪಿಸಿದ್ದಾರೆ. ಎದುರಿಗಿದ್ದಾಗ ಆಡಲಾಗದ ಮಾತನ್ನು ಸಾವಿರಾರು ಮೈಲಿ ದೂರ ಹೋದ ಮೇಲೆ ಕಾಗದದಲ್ಲಿ ಆಡಿದರು. ಅದೇ ಗಂಡನ ಹಟವಿಲ್ಲದಿದ್ದರೆ ತಾನು ಓದುತ್ತಿರಲಿಲ್ಲ ಎಂಬುದನ್ನೂ ಅವರು ಮರೆತವರಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಅವರ ಬದುಕನ್ನು ಓದಬೇಕು.

ಹದಿನಾಲ್ಕನೆಯ ವಯಸ್ಸಿನಲ್ಲಿ ಆನಂದಿಬಾಯಿ ಗಂಡುಮಗುವಿಗೆ ತಾಯಿಯಾದರು. ಮಗು ಬದುಕಿದ್ದು ಹತ್ತೇ ದಿನ. ಬೇಕಾದ ವೈದ್ಯಕೀಯ ನೆರವು ಸಿಗಲಿಲ್ಲ. ಹೆಣ್ಣುಮಕ್ಕಳ ಕಾಯಿಲೆ ನೋಡಲು ಹೆಣ್ಣು ವೈದ್ಯರೇ ಇರಲಿಲ್ಲ. ತಾನೇ ವೈದ್ಯೆಯಾಗಬೇಕು ಎಂಬ ಸಂಕಲ್ಪ ಹುಟ್ಟಿದ್ದು ಅಲ್ಲಿ.

ನಮ್ಮ ಗಂಗಾಮೂಲದ ಮಗಳ ಸಾಕ್ಷ್ಯ

ಅಂದಿನ ಸ್ಥಿತಿ ಹೇಗಿತ್ತೆಂದು ತಿಳಿಯಲು ಇನ್ನೊಬ್ಬ ಮಹಿಳೆಯ ಮಾತು ನೆನೆಯಬೇಕು. ಅವರು ಪಂಡಿತಾ ರಮಾಬಾಯಿ. ಮರಾಠಿಯವರೆಂದೇ ಎಲ್ಲರೂ ತಿಳಿದಿರುವ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಕಾಡಿನಲ್ಲಿ.

1882ರಲ್ಲಿ ಸರ್ಕಾರ ಶಿಕ್ಷಣದ ಬಗ್ಗೆ ವಿಚಾರಿಸಲು ನೇಮಿಸಿದ ಹಂಟರ್ ಆಯೋಗ ಪುಣೆಗೆ ಬಂದಾಗ ಅದರ ಮುಂದೆ ರಮಾಬಾಯಿ ಸಾಕ್ಷ್ಯ ಹೇಳಿದರು. ಈ ದೇಶದ ಹೆಣ್ಣುಮಕ್ಕಳು ತಮ್ಮ ಕಾಯಿಲೆಯನ್ನು ಗಂಡಸಿನ ಮುಂದೆ ಹೇಳಿಕೊಳ್ಳುವುದಕ್ಕಿಂತ ಸಾಯುವುದೇ ಮೇಲೆಂದುಕೊಳ್ಳುತ್ತಾರೆ, ಲಕ್ಷಾಂತರ ಹೆಂಗಸರು ಅಕಾಲದಲ್ಲಿ ಸಾಯುವುದಕ್ಕೆ ಹೆಣ್ಣು ವೈದ್ಯರಿಲ್ಲದಿರುವುದೇ ಕಾರಣ, ಆದ್ದರಿಂದ ಹೆಣ್ಣುಮಕ್ಕಳಿಗೆ ವೈದ್ಯ ಶಿಕ್ಷಣ ಕೊಡಿ ಎಂಬುದು ಅವರ ಮಾತಿನ ತಿರುಳು.

ಆಸ್ಪತ್ರೆಯ ಬೆಂಚಿನಲ್ಲಿ ಕುಳಿತು ಇದನ್ನು ಓದಿದಾಗ ನನ್ನ ಕೈ ತಣ್ಣಗಾಯಿತು. 1882ರ ಮಾತದು. ನಮ್ಮ ಅತ್ತೆ ಹಿತ್ತಲಲ್ಲಿ ಬಟ್ಟೆ ಒಣಹಾಕಿದ್ದು ಅದಾಗಿ ನೂರಮೂವತ್ತು ವರ್ಷಗಳ ಮೇಲೆ.

ಅಂಚೆಯಲ್ಲಿ ಬಂದ ಔಷಧಿ

ಗೋಪಾಳರಾವ್ ಅವರ ನೌಕರಿ ಊರೂರು ಸುತ್ತಿಸಿತು. ಅಲಿಬಾಗ್, ಕೊಲ್ಹಾಪುರ, ಮುಂಬಯಿ, ಭುಜ್, ಕಲ್ಕತ್ತಾ. ಕೊಲ್ಹಾಪುರದಲ್ಲಿದ್ದಾಗ ಅವರು ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಅವರಿಗೆ ಪತ್ರ ಬರೆದು ಹೆಂಡತಿಯ ಓದಿಗೆ ನೆರವು ಕೇಳಿದರು. ಕ್ರೈಸ್ತರಾದರೆ ನೆರವು ಎಂಬ ಧಾಟಿಯಲ್ಲಿ ಉತ್ತರ ಬಂತು. ದಂಪತಿಗಳು ಒಪ್ಪಲಿಲ್ಲ. ಆದರೆ ವೈಲ್ಡರ್ ಆ ಪತ್ರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಮಾಡಿದ್ದರು. ನ್ಯೂಜೆರ್ಸಿಯ ರೋಸೆಲ್ ಎಂಬ ಊರಿನ ಥಿಯೋಡಿಸಿಯಾ ಕಾರ್ಪೆಂಟರ್ ಎಂಬ ಗೃಹಿಣಿ ಹಲ್ಲಿನ ವೈದ್ಯರ ಬಳಿ ಸರದಿಗಾಗಿ ಕಾಯುತ್ತಿದ್ದಾಗ ಆ ಪತ್ರಿಕೆ ಅವರ ಕಣ್ಣಿಗೆ ಬಿತ್ತು. ಅಷ್ಟು ದೂರದ ಒಬ್ಬ ಹುಡುಗಿಯ ಓದುವ ಆಸೆ ಅವರ ಮನಸ್ಸಿಗೆ ನಾಟಿತು. ಕೂಡಲೇ ಪತ್ರ ಬರೆದರು. ಆನಂದಿಬಾಯಿ ಉತ್ತರಿಸಿದರು. ಒಬ್ಬರನ್ನೊಬ್ಬರು ನೋಡದೆಯೇ ಅವರು ಚಿಕ್ಕಮ್ಮ, ಮಗಳು ಆದರು.

ಆ ಹೊತ್ತಿಗಾಗಲೇ ಆನಂದಿಬಾಯಿಯ ಆರೋಗ್ಯ ಕೆಟ್ಟಿತ್ತು. ನಿಲ್ಲದ ತಲೆನೋವು, ಆಗಾಗ ಜ್ವರ, ನಿಶ್ಶಕ್ತಿ, ಕೆಲವೊಮ್ಮೆ ಉಸಿರು ಕಟ್ಟುವುದು. ಇದನ್ನು ಅವರು ಹೇಳಿಕೊಂಡದ್ದು ಆ ದೂರದ ಚಿಕ್ಕಮ್ಮನಿಗೆ. ಅವರು ಅಮೆರಿಕದಿಂದ ಔಷಧಿ ಕಳಿಸುತ್ತಿದ್ದರು. ಗುಣ ಕಾಣಲಿಲ್ಲ. ಹದಿನಾರು, ಹದಿನೇಳು ವರ್ಷದ ರೋಗಿ ಕಲ್ಕತ್ತಾದಲ್ಲಿ, ನೋವು ಕೇಳಿಸಿಕೊಳ್ಳುವ ಕಿವಿ ಸಮುದ್ರದಾಚೆ. ಔಷಧಿಯಿಂದ ಉಪಯೋಗವಾಗದಿದ್ದರೂ ಕೇಳುವವರೊಬ್ಬರು ಇದ್ದುದರಿಂದ ಆಕೆಗೆ ಎಷ್ಟು ಸಮಾಧಾನವಾಗಿರಬೇಕೆಂದು ನಾನು ಎಣಿಸಿಕೊಳ್ಳುತ್ತೇನೆ.

ಶ್ರೀರಾಮಪುರದ ಸಭೆ

1883ರಲ್ಲಿ ಗೋಪಾಳರಾವ್ ಅವರಿಗೆ ಬಂಗಾಳದ ಶ್ರೀರಾಮಪುರಕ್ಕೆ ವರ್ಗವಾಯಿತು. ಆನಂದಿಬಾಯಿ ಒಬ್ಬರೇ ಅಮೆರಿಕಕ್ಕೆ ಹೋಗುವುದೆಂದು ನಿಶ್ಚಯವಾದಾಗ ಸುತ್ತಮುತ್ತ ದೊಡ್ಡ ಗದ್ದಲವೆದ್ದಿತು. ಸಮುದ್ರ ದಾಟಿದರೆ ಜಾತಿಯಿಂದ ಹೊರಗೆ ಎಂಬ ಕಾಲ. ಅವರು ಅಡಗಿ ಕೂರಲಿಲ್ಲ. ಫೆಬ್ರವರಿ 24ರಂದು ಶ್ರೀರಾಮಪುರ ಕಾಲೇಜಿನ ಸಭಾಂಗಣದಲ್ಲಿ ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದರು. ಆಗ ಅವರಿಗೆ ಹದಿನೆಂಟು ತುಂಬಿರಲಿಲ್ಲ.

ಜನ ತನ್ನ ಬೆನ್ನ ಹಿಂದೆ ಕೇಳುತ್ತಿದ್ದ ಪ್ರಶ್ನೆಗಳನ್ನು ಅವರೇ ಒಂದೊಂದಾಗಿ ಎತ್ತಿಕೊಂಡರು. ಅಮೆರಿಕಕ್ಕೇ ಏಕೆ? ಇಲ್ಲಿ ಓದಲಾಗದೆ? ಒಬ್ಬಳೇ ಏಕೆ? ತಿರುಗಿ ಬಂದ ಮೇಲೆ ಬಹಿಷ್ಕಾರ ಹಾಕಿದರೆ? ಅಲ್ಲಿ ಏನಾದರೂ ಆಪತ್ತು ಬಂದರೆ? ಯಾವ ಹೆಣ್ಣೂ ಮಾಡದ್ದನ್ನು ನೀನೇಕೆ ಮಾಡಬೇಕು? ಒಂದೊಂದಕ್ಕೂ ಶಾಂತವಾಗಿ ಉತ್ತರ ಕೊಟ್ಟರು. ದೇಶಕ್ಕೆ ಹೆಣ್ಣು ವೈದ್ಯರ ಅಗತ್ಯವಿದೆ, ಆ ಕೆಲಸಕ್ಕೆ ತಾನು ಸಿದ್ಧಳಿದ್ದೇನೆ, ಹಿಂದೂವಾಗಿಯೇ ಹೋಗಿ ಹಿಂದೂವಾಗಿಯೇ ಮರಳುತ್ತೇನೆ ಎಂದರು. ಭಾಷಣದ ಸುದ್ದಿ ಪತ್ರಿಕೆಗಳಲ್ಲಿ ಹರಡಿ ಬೇರೆ ಬೇರೆ ಕಡೆಯಿಂದ ಹಣದ ನೆರವೂ ಬಂತು.

ಏಪ್ರಿಲ್ 7ರಂದು ಕಲ್ಕತ್ತಾದಲ್ಲಿ ಹಡಗು ಹತ್ತಿದರು. ಜೊತೆಗೆ ಗಂಡನಿಲ್ಲ, ಪರಿಚಯದ ಮಿಷನರಿ ಹೆಂಗಸರು ಮಾತ್ರ. ಜೂನ್‌ನಲ್ಲಿ ನ್ಯೂಯಾರ್ಕ್ ತಲುಪಿದಾಗ ಬಂದರಿನಲ್ಲಿ ಕಾರ್ಪೆಂಟರ್ ಚಿಕ್ಕಮ್ಮ ಕಾಯುತ್ತಿದ್ದರು.

ಫಿಲಡೆಲ್ಫಿಯಾದ ಚಳಿ

ಪೆನ್ಸಿಲ್ವೇನಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಅವರಿಗೆ ಪ್ರವೇಶ ಸಿಕ್ಕಿತು. ಡೀನ್ ಆಗಿದ್ದ ರೇಚಲ್ ಬಾಡ್ಲಿಯವರು ಈ ಹುಡುಗಿಯನ್ನು ಕಂಡು ವಿದ್ಯಾರ್ಥಿವೇತನದ ಏರ್ಪಾಡೂ ಮಾಡಿದರು. 1885ರಲ್ಲಿ ಅಲ್ಲಿ ತೆಗೆದ ಒಂದು ಫೋಟೋ ಇಂದಿಗೂ ಎಲ್ಲ ಕಡೆ ಕಾಣಸಿಗುತ್ತದೆ. ಸೀರೆಯುಟ್ಟ ಆನಂದಿಬಾಯಿ, ಜಪಾನಿನ ಕೇಯಿ ಒಕಾಮಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ, ಮೂವರೂ ತಂತಮ್ಮ ದೇಶದ ಉಡುಪಿನಲ್ಲಿ. ಮೂರು ದೇಶಗಳ ಹೆಣ್ಣುಮಕ್ಕಳು ಒಂದೇ ಕೆಲಸ ಕಲಿಯಲು ಬಂದಿದ್ದರು.

ಚಳಿ ಮೈಗೆ ಒಗ್ಗಲಿಲ್ಲ. ಸಸ್ಯಾಹಾರಿಯಾದ ಅವರಿಗೆ ಊಟದ ತಾಪತ್ರಯ. ಮೊದಲೇ ಸೊರಗಿದ್ದ ಮೈಯಲ್ಲಿ ಕ್ಷಯರೋಗ ನೆಲೆಮಾಡಿತು. ಆದರೂ ತರಗತಿ ಬಿಡಲಿಲ್ಲ. ಪದವಿಗಾಗಿ ಬರೆದ ಪ್ರಬಂಧದ ವಿಷಯ ಹಿಂದೂಗಳಲ್ಲಿ ಪ್ರಸೂತಿ ಶಾಸ್ತ್ರ. ಅದಕ್ಕೆ ನಮ್ಮ ಆಯುರ್ವೇದ ಗ್ರಂಥಗಳನ್ನೂ ಅಮೆರಿಕದ ಪಠ್ಯಗಳನ್ನೂ ಬಳಸಿಕೊಂಡರು. ಹತ್ತು ದಿನದ ಮಗುವನ್ನು ಕಳೆದುಕೊಂಡ ತಾಯಿ ಹೆರಿಗೆಯ ಬಗ್ಗೆಯೇ ಬರೆದರು.

1886ರ ಮಾರ್ಚ್ 11ರಂದು ಪದವಿ ಪ್ರದಾನ. ಆಗಲೇ ಅಮೆರಿಕಕ್ಕೆ ಬಂದಿದ್ದ ಗೋಪಾಳರಾವ್ ಅಲ್ಲಿದ್ದರು. ಪಂಡಿತಾ ರಮಾಬಾಯಿ ಇದಕ್ಕೆಂದೇ ಇಂಗ್ಲೆಂಡಿನಿಂದ ಬಂದಿದ್ದರು. ವಿಕ್ಟೋರಿಯಾ ರಾಣಿಯಿಂದ ಅಭಿನಂದನೆಯ ಸಂದೇಶ ಬಂತು. ಅದೇ ವರ್ಷ ಕಲ್ಕತ್ತಾದಲ್ಲಿ ಕಾದಂಬಿನಿ ಗಂಗೂಲಿಯವರೂ ವೈದ್ಯೆಯಾದರು. ಅದೇ ವರ್ಷ ಮುಂಬಯಿಯಲ್ಲಿ ಹೆಂಗಸರಿಗಾಗಿ, ಹೆಂಗಸರೇ ನೋಡಿಕೊಳ್ಳುವ ಕಾಮಾ ಆಸ್ಪತ್ರೆ ತೆರೆಯಿತು. ಹಿಂದಿನ ವರ್ಷವಷ್ಟೇ ಡಫರಿನ್ ನಿಧಿ ಆರಂಭವಾಗಿತ್ತು. ಮುಚ್ಚಿದ್ದ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದ ಕಾಲವದು.

ವೈದ್ಯೆಯೇ ರೋಗಿಯಾದಾಗ

ಕೊಲ್ಹಾಪುರ ಸಂಸ್ಥಾನದವರು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಮಹಿಳಾ ವಿಭಾಗದ ಮುಖ್ಯ ವೈದ್ಯೆಯಾಗಿ ಅವರನ್ನು ನೇಮಿಸಿದ್ದರು. ನಮ್ಮ ಬೆಳಗಾವಿ, ನಿಪ್ಪಾಣಿಯವರಿಗೆ ಕೊಲ್ಹಾಪುರ ಪಕ್ಕದ ಊರು. ಇಂದು ಸಿ.ಪಿ.ಆರ್. ಎಂದು ಕರೆಯುವ ಆಸ್ಪತ್ರೆಯೇ ಅದು. ಆನಂದಿಬಾಯಿ ಅಲ್ಲಿ ಕೆಲಸಕ್ಕೆ ನಿಂತಿದ್ದರೆ ಗಡಿಯ ಈಚೆಯ ಎಷ್ಟೋ ಕನ್ನಡದ ಹೆಣ್ಣುಮಕ್ಕಳೂ ಅವರ ಬಳಿಗೆ ಹೋಗುತ್ತಿದ್ದರೇನೋ.

ಆದರೆ ಅವರು ಆ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. 1886ರ ಕೊನೆಯಲ್ಲಿ ಊರಿಗೆ ಮರಳುವಾಗಲೇ ಕಾಯಿಲೆ ಬಲಿತಿತ್ತು. ಬಯ್ದವರೇ ಈಗ ಹಾರ ಹಿಡಿದು ಸ್ವಾಗತಿಸಿದರು. ಆದರೆ ಹಾರ ಹೊರುವ ತ್ರಾಣವೂ ಅವರಿಗಿರಲಿಲ್ಲ. 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಇಪ್ಪತ್ತೆರಡು ತುಂಬಲು ಇನ್ನೂ ಒಂದು ತಿಂಗಳಿತ್ತು.

ಅವರ ಚಿತಾಭಸ್ಮವನ್ನು ಗೋಪಾಳರಾವ್ ಅಮೆರಿಕಕ್ಕೆ, ಕಾರ್ಪೆಂಟರ್ ಅವರಿಗೆ ಕಳಿಸಿಕೊಟ್ಟರು. ನ್ಯೂಯಾರ್ಕ್ ರಾಜ್ಯದ ಪೊಕೀಪ್ಸಿ ಎಂಬಲ್ಲಿ ಆ ಕುಟುಂಬದ ಸಮಾಧಿ ಸ್ಥಳದಲ್ಲೇ ಅದನ್ನು ಇರಿಸಿದ್ದಾರೆ. ತನ್ನ ನೋವು ಕೇಳಿಸಿಕೊಂಡ ಚಿಕ್ಕಮ್ಮನ ಮನೆಯವರ ನಡುವೆಯೇ ಆಕೆ ಉಳಿದರು. ಅದೇ 1887ರಲ್ಲಿ ಹೊರಬಂದ ತಮ್ಮ ಪುಸ್ತಕವನ್ನು ಪಂಡಿತಾ ರಮಾಬಾಯಿ ಆನಂದಿಬಾಯಿಯ ನೆನಪಿಗೆ ಅರ್ಪಿಸಿದರು. ಮರುವರ್ಷ ಕ್ಯಾರೊಲಿನ್ ಡಾಲ್ ಅವರು ಇಂಗ್ಲಿಷಿನಲ್ಲಿ, ಆಮೇಲೆ ಕಾಶಿಬಾಯಿ ಕಾನಿಟ್ಕರ್ ಅವರು ಮರಾಠಿಯಲ್ಲಿ ಜೀವನಚರಿತ್ರೆ ಬರೆದರು.

ಆ ಕೊನೆಯ ದಿನಗಳ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಕಂಡುಹಿಡಿದದ್ದು 1882ರಲ್ಲಿ. ಅದನ್ನು ಗುಣಪಡಿಸುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಬಂದದ್ದು 1940ರ ದಶಕದಲ್ಲಿ. ನಡುವಿನ ಅರವತ್ತು ವರ್ಷ ಕಾಯಿಲೆಯ ಹೆಸರು ಗೊತ್ತು, ಮದ್ದು ಗೊತ್ತಿಲ್ಲ. ಆನಂದಿಬಾಯಿ ವೈದ್ಯೆ. ತನ್ನ ಎದೆಯೊಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರಿಂದ ಯಾರೂ ಮುಚ್ಚಿಡುವಂತೆಯೂ ಇರಲಿಲ್ಲ. ಆದರೆ ಗುಣವಾಗದ ಕಾಯಿಲೆಯವರಿಗೂ ಮಾಡಬೇಕಾದ ಚಿಕಿತ್ಸೆಯೊಂದಿದೆ ಎಂಬುದನ್ನು ಅಂದಿನ ವೈದ್ಯ ವಿದ್ಯೆ ಇನ್ನೂ ಕಲಿತಿರಲಿಲ್ಲ.

ಗುಣವಾಗದಿದ್ದರೂ ಚಿಕಿತ್ಸೆಯುಂಟು

ಅದನ್ನು ಕಲಿಸಿದವರೂ ಒಬ್ಬ ಹೆಣ್ಣುಮಗಳು. ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಸಾಯುವವರ ಹಾಸಿಗೆಯ ಪಕ್ಕ ಕುಳಿತು ಅವರ ಮಾತನ್ನು ಟೇಪ್ ರೆಕಾರ್ಡರ್‌ನಲ್ಲಿ ದಾಖಲಿಸಿ, ಸಾವಿರಕ್ಕೂ ಹೆಚ್ಚು ರೋಗಿಗಳ ವಿವರ ಕಲೆಹಾಕಿದರು. ನೋವು ಬಂದ ಮೇಲೆ ಮದ್ದು ಕೊಡುವುದಲ್ಲ, ಬರುವ ಮುಂಚೆಯೇ ಗಡಿಯಾರ ನೋಡಿ ಕೊಡಬೇಕು ಎಂದು ತೋರಿಸಿಕೊಟ್ಟರು. ಮೈಯ ನೋವಿನ ಜೊತೆ ಮನಸ್ಸಿನ ಭಯ, ಮನೆಯವರ ಚಿಂತೆ, ದೇವರ ಮೇಲಿನ ಪ್ರಶ್ನೆ ಎಲ್ಲವೂ ಸೇರಿ ಒಂದೇ ನೋವು ಎಂದರು. 1967ರಲ್ಲಿ ಲಂಡನ್ನಿನಲ್ಲಿ ಅವರು ತೆರೆದ ಸೇಂಟ್ ಕ್ರಿಸ್ಟೋಫರ್ಸ್ ಆರೈಕೆ ಕೇಂದ್ರವೇ ಇಂದಿನ ಉಪಶಮನ ಚಿಕಿತ್ಸೆಗೆ ತಾಯಿಬೇರು.

ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯಲ್ಲಿ ಶಾಂತಿ ಆವೇದನಾ ಸದನ, 1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ನೋವು ನಿವಾರಣೆಯ ಕ್ಲಿನಿಕ್, 1999ರಲ್ಲಿ ಬೆಂಗಳೂರಿನಲ್ಲಿ ಕರುಣಾಶ್ರಯ ಆರಂಭವಾದವು. 2012ರಲ್ಲಿ ಕೇಂದ್ರ ಸರ್ಕಾರ ಇದಕ್ಕೊಂದು ರಾಷ್ಟ್ರೀಯ ಕಾರ್ಯಕ್ರಮ ರೂಪಿಸಿತು. 2014ರಲ್ಲಿ ಮಾದಕ ವಸ್ತುಗಳ ಕಾನೂನು ತಿದ್ದುಪಡಿಯಾಗಿ, ನೋವಿಗೆ ಕೊಡುವ ಮಾರ್ಫಿನ್ ಆಸ್ಪತ್ರೆಗಳಿಗೆ ಸಿಗುವುದು ಸುಲಭವಾಯಿತು.

ವೈದ್ಯರು ಕೆಟ್ಟ ಸುದ್ದಿ ಹೇಳುವುದು ಹೇಗೆ ಎಂಬುದರ ಮೇಲೂ ಸಂಶೋಧನೆ ನಡೆದಿದೆ. 2000ದಲ್ಲಿ ಅಮೆರಿಕ, ಕೆನಡಾದ ಕ್ಯಾನ್ಸರ್ ತಜ್ಞರು ಪ್ರಕಟಿಸಿದ ಆರು ಹೆಜ್ಜೆಗಳ ಕ್ರಮವನ್ನು ಈಗ ಬಹಳ ಕಡೆ ಕಲಿಸುತ್ತಾರೆ. ಏಕಾಂತದಲ್ಲಿ ಕುಳಿತು ಮಾತಾಡಿ. ರೋಗಿಗೆ ಈಗಾಗಲೇ ಏನು ಗೊತ್ತಿದೆ ಕೇಳಿ. ಎಷ್ಟು ತಿಳಿಯಲು ಇಷ್ಟವಿದೆ ಕೇಳಿ. ಸರಳ ಮಾತಿನಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳಿ. ಅಳು ಬಂದರೆ ಅಳಲು ಬಿಡಿ, ಜೊತೆಗಿರಿ. ಮುಂದೇನು ಎಂಬುದನ್ನು ಇಬ್ಬರೂ ಸೇರಿ ಗೊತ್ತುಮಾಡಿಕೊಳ್ಳಿ. ಕೇಳಲು ಎಷ್ಟು ಸಣ್ಣ ವಿಷಯ! ಆದರೆ ನಮ್ಮಲ್ಲಿ ಎಂ.ಬಿ.ಬಿ.ಎಸ್. ಓದುವ ಎಲ್ಲರಿಗೂ ಸಂವಹನದ ಪಾಠ ಕಡ್ಡಾಯವಾಗಿ ಬಂದದ್ದೇ 2019ರಲ್ಲಿ. ಒಬ್ಬ ವೈದ್ಯರ ಮುಂದೆ ದಿನಕ್ಕೆ ನೂರು ಜನ ಸಾಲುಗಟ್ಟಿದಾಗ ಕುಳಿತು ಮಾತಾಡುವುದು ಎಷ್ಟು ಕಷ್ಟ ಎಂಬುದೂ ನನಗೆ ಗೊತ್ತು. ಅವರೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಸುಳ್ಳು ಹೇಳಿದವಳು ನಾನು.

ಅತ್ತೆ ಕೇಳಿದ ಪ್ರಶ್ನೆ

ನಮ್ಮೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಟ್ಟಿದ ವಿಕಿರಣ ಘಟಕವೊಂದಿದೆ. ಕೋಬಾಲ್ಟ್-60ರಿಂದ ಹೊರಡುವ ಗಾಮಾ ಕಿರಣ ಹಾಯಿಸಿದರೆ ಈರುಳ್ಳಿ ಮೊಳಕೆಯೊಡೆಯುವುದಿಲ್ಲ. 2007ರಿಂದ ಅಮೆರಿಕಕ್ಕೆ ಹೋಗುವ ಮಾವಿನ ಹಣ್ಣಿಗೂ ಇಲ್ಲಿ ಹೀಗೆ ಸಂಸ್ಕರಣೆಯಾಗಿದೆ. ಊರಿನ ಹೆಂಗಸರಿಗೆಲ್ಲ ಈ ವಿಷಯ ಗೊತ್ತು.

ಆಸ್ಪತ್ರೆಯಲ್ಲಿ ವಿಕಿರಣ ಚಿಕಿತ್ಸೆ ಶುರುವಾಗಿ ಎರಡನೆಯ ವಾರ. ಒಂದು ಸಂಜೆ ಅತ್ತೆ ಉಳ್ಳಾಗಡ್ಡಿ ಬಿಡಿಸುತ್ತಾ ಕುಳಿತವರು ನನ್ನನ್ನು ಹತ್ತಿರ ಕರೆದರು. ತನಗೆ ಅಲ್ಲಿ ಕೊಡುತ್ತಿರುವುದು ಇಲ್ಲಿ ಉಳ್ಳಾಗಡ್ಡಿಗೆ ಕೊಡುವಂಥದ್ದೇ ಅಲ್ಲವೇ ಎಂದು ಕೇಳಿದರು. ನಾನು ಸುಮ್ಮನಿದ್ದೆ. ಹಾಗಾದರೆ ತನ್ನೊಳಗೂ ಮೊಳಕೆ ಬಂದಿದೆ, ಹುಣ್ಣಿಗೆ ಯಾರೂ ಅದನ್ನು ಕೊಡುವುದಿಲ್ಲ ಎಂದರು. ಅವರಿಗೆ ಮೊದಲಿನಿಂದ ಗೊತ್ತಿತ್ತು. ನಾವು ಹೆದರುತ್ತೇವೆಂದು ಅವರು ಸುಮ್ಮನಿದ್ದರು. ಅವರು ಹೆದರುತ್ತಾರೆಂದು ನಾವು ಸುಮ್ಮನಿದ್ದೆವು. ಒಂದೇ ಮನೆಯಲ್ಲಿ ಎರಡು ತಿಂಗಳು ಹೀಗೆ ಕಳೆದಿದ್ದೆವು.

ಅವತ್ತು ಎಲ್ಲವನ್ನೂ ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ, ಪೂರ್ತಿ ಗುಣವಾಗುವುದಿಲ್ಲ ಎಂಬುದನ್ನೂ ಹೇಳಿದೆ. ಎದೆಯೊಡೆದುಕೊಳ್ಳುತ್ತಾರೆ ಎಂದು ಎಲ್ಲರೂ ಹೆದರಿದ್ದೆವಲ್ಲ, ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಣ್ಣನ್ನೂ ಒರೆಸಿದರು. ನಾನು ಓದುತ್ತಿದ್ದ ಪುಸ್ತಕದ ಕಥೆ ಕೇಳಿದರು. ಆಮೇಲೆ ದಿನಾ ಸಂಜೆ ಸ್ವಲ್ಪ ಸ್ವಲ್ಪ ಕನ್ನಡ ಮಾಡಿ ಹೇಳಿದೆ. ಹದಿನಾಲ್ಕರ ಹುಡುಗಿ ಕೂಸು ಕಳೆದುಕೊಂಡ ಕಡೆ ಬಂದಾಗ ಅವರು ನನಗೆ ಗೊತ್ತಿಲ್ಲದ ಸಂಗತಿಯೊಂದನ್ನು ಹೇಳಿದರು. ನನ್ನ ಯಜಮಾನರಿಗಿಂತ ಮುಂಚೆ ಅವರಿಗೊಂದು ಹೆಣ್ಣು ಕೂಸಾಗಿ ಆರೇ ದಿನಕ್ಕೆ ಹೋಗಿತ್ತಂತೆ. ಅದಕ್ಕೆ ಹೆಸರೂ ಇಟ್ಟಿರಲಿಲ್ಲವಂತೆ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಮಾತು.

ಮುಂದಿನ ಸಲ ವೈದ್ಯರ ಬಳಿ ಹೋದಾಗ ಗಂಡಸರನ್ನು ಹೊರಗೆ ಕೂರಿಸಿದೆ. ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಮರಾಠಿ ಮಾಡಿದೆ. ರಕ್ತ ಎಂಟು ತಿಂಗಳಿಂದ ಹೋಗುತ್ತಿತ್ತು ಎಂಬುದರಿಂದ ಹಿಡಿದು, ರಾತ್ರಿ ಸೊಂಟದ ನೋವಿಗೆ ನಿದ್ದೆಯಿಲ್ಲ ಎಂಬವರೆಗೆ. ನೋವು ಇಷ್ಟಿದೆ ಎಂದು ಅಲ್ಲಿಯವರೆಗೆ ವೈದ್ಯರಿಗೆ ಗೊತ್ತೇ ಇರಲಿಲ್ಲ. ಅವರು ಬರೆದುಕೊಟ್ಟ ಚೀಟಿ ಹಿಡಿದು ಉಪಶಮನ ವಿಭಾಗಕ್ಕೆ ಹೋದೆವು. ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ, ಜೊತೆಗೆ ಮಲಬದ್ಧತೆಯಾಗದಂತೆ ಇನ್ನೊಂದು ಔಷಧಿ. ಮಾರ್ಫಿನ್ ಎಂದರೆ ಚಟ ಹತ್ತುತ್ತದೆ ಎಂದು ನಾನು ಹೆದರಿದೆ. ನೋವಿಗೆ ತಕ್ಕ ಪ್ರಮಾಣದಲ್ಲಿ, ವೈದ್ಯರ ನಿಗಾದಲ್ಲಿ ತೆಗೆದುಕೊಂಡರೆ ಆ ಭಯ ಬೇಡ ಎಂದು ಅಲ್ಲಿಯ ಸಿಸ್ಟರ್ ಕೂರಿಸಿಕೊಂಡು ತಿಳ��ಸಿ ಹೇಳಿದರು. ಮೂರನೆಯ ರಾತ್ರಿ ಅತ್ತೆ ಬೆಳಗಿನವರೆಗೆ ನಿದ್ದೆ ಮಾಡಿದರು.

ಅವರಿಗೆ ಸಿಕ್ಕಿದ್ದು ನಾಲ್ಕು ತಿಂಗಳು. ಅದರಲ್ಲಿ ಒಮ್ಮೆ ಗದಗಿಗೆ ಹೋಗಿ ವೀರನಾರಾಯಣನ ಗುಡಿ ನೋಡಿ ಬಂದರು. ತಮ್ಮ ಬೋರಮಾಳ ಯಾರಿಗೆ, ಇಳಕಲ್ ಸೀರೆ ಯಾರಿಗೆ ಎಂದು ತಾವೇ ಹಂಚಿದರು. ಕೊನೆಯ ದಿನಗಳಲ್ಲಿ ಆಸ್ಪತ್ರೆ ಬೇಡ, ಮನೆ ಸಾಕು ಎಂದರು. ಹಾಗೆಯೇ ಮನೆಯಲ್ಲಿ, ಮಗನ ಕೈ ಹಿಡಿದುಕೊಂಡು ಹೋದರು. ಗೊತ್ತಿಲ್ಲದೆ ಹೋಗಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ. ಆದರೂ ಆ ಎಂಟು ತಿಂಗಳು, ಹಿತ್ತಲಲ್ಲಿ ಒಣಗುತ್ತಿದ್ದ ಬಟ್ಟೆ ಕಂಡೂ ನಾನು ಕೇಳದೆ ಉಳಿದದ್ದು ಇವತ್ತಿಗೂ ನನ್ನ ಎದೆಯಲ್ಲಿದೆ. ಆಗಲೇ ಕೇಳಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ.

ಸೋದರಿಯರೇ, ಆನಂದಿಬಾಯಿ ಒಬ್ಬ ರೋಗಿಯನ್ನೂ ತಮ್ಮ ಆಸ್ಪತ್ರೆಯಲ್ಲಿ ನೋಡಲಾಗಲಿಲ್ಲ. ಹಾಗಿದ್ದೂ ಅವರನ್ನು ವೈದ್ಯೆಯೆಂದೇ ನೆನೆಯುತ್ತೇವೆ. ಹೆಣ್ಣು ತನ್ನ ನೋವನ್ನು ಹೇಳಿಕೊಳ್ಳಲು ಒಂದು ಜಾಗ ಬೇಕು, ಕೇಳಿಸಿಕೊಳ್ಳಲು ಒಬ್ಬರು ಬೇಕು ಎಂದು ಅವರು ತುಂಬಿದ ಸಭೆಯಲ್ಲಿ ನಿಂತು ವಾದಿಸಿದರು. ಇಂದು ಹೆಣ್ಣು ವೈದ್ಯರು ಊರೂರಿನಲ್ಲಿದ್ದಾರೆ. ಇನ್ನು ಉಳಿದಿರುವುದು ನಮ್ಮ ನಮ್ಮ ಮನೆಯ ಕೆಲಸ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ. ಪರಭಾಷೆಯ ಊರಿನಲ್ಲಿರುವ ನಮ್ಮಂಥವರು ತಾಯಿಗೋ ಅತ್ತೆಗೋ ದುಭಾಷಿಯಾಗಿ ಆಸ್ಪತ್ರೆಗೆ ಹೋಗುತ್ತಿರುತ್ತೇವೆ. ಆಗ ಅವರಿಗೆ ಎಷ್ಟು ತಿಳಿಯಬೇಕೆಂದಿದೆ ಎಂದು ಮೊದಲು ಅವರನ್ನೇ ಕೇಳಿ. ಬೇಡ ಎಂದರೆ ಬೇಡ. ಬೇಕು ಎಂದರೆ ಮುಚ್ಚಿಡಬೇಡಿ.

ಇವತ್ತು ಸಂಜೆ ನಿಮ್ಮ ಮನೆಯ ಹಿರಿಯ ಹೆಣ್ಣುಮಗಳ ಪಕ್ಕ ಐದು ನಿಮಿಷ ಕುಳಿತು, ಮೈ ಹೇಗಿದೆ ಎಂದು ಕೇಳಿ ನೋಡಿ. ಚೆನ್ನಾಗಿದೆ ಎಂದು ಅವರು ಹೇಳೇ ಹೇಳುತ್ತಾರೆ. ಅಷ್ಟಕ್ಕೇ ಎದ್ದು ಬರಬೇಡಿ.